ಮುಚ್ಚಳದ ಅಂಚಿನ ಹೊಳಪು

ಭಾವ ಸೇನೆಯಲ್ಲಿ ಟ್ಯಾಂಕ್ ಓಡಿಸುತ್ತಿದ್ದರು. ಬೆಳ್ತಂಗಡಿಯಲ್ಲಿ ನನ್ನ ಅಕ್ಕನನ್ನು ಬಿಟ್ಟರೆ ಇದನ್ನು ನಂಬಿದವರು ಕಡಿಮೆ. ನಿವೃತ್ತಿಯಾಗಿ ಬಂದ ಮೇಲೆ ಮನೆಯಲ್ಲಿ ಏನೇ ಕಾರ್ಯಕ್ರಮ ಇದ್ದರೂ ಸಾರಿನ ಪಾತ್ರೆಯ ಮುಂದೆ ನಿಲ್ಲುವವರು ಅವರೇ, ಅಷ್ಟು ಚೆನ್ನಾಗಿ ಅಡುಗೆ ಮಾಡುತ್ತಾರೆ. ಹಾಗಾಗಿ ಅವರ ಅಣ್ಣ ನೆಂಟರ ಎದುರು, "ಇವ ಅಲ್ಲಿ ಓಡಿಸಿದ್ದು ಸೌಟು" ಎನ್ನುವುದು ರೂಢಿಯಾಗಿತ್ತು. ಭಾವ ನಗುತ್ತಿದ್ದರು. ಟ್ಯಾಂಕಿನ ಹತ್ತಿರ ಫೋಟೊ ತೆಗೆಯಲಿಕ್ಕೆ ಬಿಡುತ್ತಿರಲಿಲ್ಲವಂತೆ. ತೋರಿಸಲು ಅವರಲ್ಲಿ ಏನೂ ಇರಲಿಲ್ಲ.

ಕೊನೆಗೆ ಒಮ್ಮೆ ನನ್ನನ್ನು ಕೇಳಿದರು, ತಾನು ಓಡಿಸಿದಂಥ ಟ್ಯಾಂಕಿನ ಸಣ್ಣ ಮಾದರಿಯೊಂದನ್ನು ಮಾಡಿಕೊಡಲಿಕ್ಕೆ ಆಗುತ್ತದಾ ಎಂದು.

ನಾನು ಬಂಟ್ವಾಳದಲ್ಲಿ ಹೈಸ್ಕೂಲ್ ಟೀಚರ್. ನಮ್ಮ ಮನೆಯಲ್ಲಿ ಡಿಗ್ರಿ ಮಾಡಿದ ಮೊದಲ ಜನ. ಅಮ್ಮ ಬೀಡಿ ಕಟ್ಟುತ್ತಿದ್ದರು. ನಾನು ಮೂಡಬಿದಿರೆಯಲ್ಲಿ ಕ್ಲಾಸು ಬಿಟ್ಟ ಮೇಲೆ ಅಂಗಡಿಗಳ ಬೋರ್ಡ್ ಬರೆದು ಓದಿದವಳು. ಅದನ್ನು ಎಲ್ಲಿ ಬೇಕಾದರೂ ಹೇಳುತ್ತೇನೆ. ಬಣ್ಣದ ಅಭ್ಯಾಸ ಹಾಗೆ ಹಿಡಿದದ್ದು. ಈಗ ರಜೆಯಲ್ಲಿ ಗೇಣುದ್ದದ ಪ್ಲಾಸ್ಟಿಕ್ ಟ್ಯಾಂಕುಗಳನ್ನು ಜೋಡಿಸಿ, ಕಬ್ಬಿಣದ್ದೇ ಎನ್ನುವ ಹಾಗೆ ಮಾಡುತ್ತೇನೆ.

ಎರಕದ ಉಕ್ಕಿನ ಮೈ ನುಣುಪಾಗಿರುವುದಿಲ್ಲ. ಪುಟ್ಟಿಯನ್ನು ತೆಳ್ಳಗೆ ಕಲಸಿ ಹಚ್ಚಿ, ಒಣಗುವ ಮೊದಲು ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಕುಟ್ಟಬೇಕು. ಬಣ್ಣ ಒಣಗಿದ ಮೇಲೆ ಕೆಸರು: ಜರಡಿ ಹಿಡಿದ ಮಣ್ಣು, ಮರದ ಹುಡಿ, ಬಿಳಿ ಅಂಟು. ಚಕ್ರದ ಸಂದಿಗೆ ದಪ್ಪಗೆ ಮೆತ್ತಿದೆ. ಮಣ್ಣು ಶಾಲೆಯ ಹಿಂದೆ ಗುಡ್ಡ ಕಡಿದ ದರೆಯದ್ದು, ಕೆಂಪು. ಬೇರೆ ಮಣ್ಣು ಇರಬಹುದೆಂದು ನನಗೆ ಹೊಳೆಯಲೇ ಇಲ್ಲ.

ಬೆಳ್ತಂಗಡಿಗೆ ಒಯ್ದಾಗ ಭಾವನ ಅಣ್ಣ ಅದನ್ನು ಎತ್ತಿ ತಿರುಗಿಸಿದರು. "ಇದು ಯುದ್ಧಕ್ಕೆ ಹೋದದ್ದಲ್ಲ ಮಾರಾಯ, ಕೆಂಪುಕಲ್ಲು ಕಡಿಯುವ ಕೋರೆಗೆ ಹೋದದ್ದು."

ಎಲ್ಲರೂ ನಕ್ಕರು. ಭಾವನೂ ನಕ್ಕರು, ಆದರೆ ಟ್ಯಾಂಕನ್ನು ಹಿಡಿದುಕೊಂಡು ಒಳಗೆ ಹೋದರು.

ನಾನು ಹಿಂದೆಯೇ ಹೋಗಿ, ಅಲ್ಲಿನ ಮಣ್ಣು ಹೇಗಿತ್ತು ಎಂದು ಕೇಳಿದೆ. ರಾಜಸ್ಥಾನದಲ್ಲಿ ಕೆಸರು ಎಲ್ಲಿಯದು, ಬರೀ ಧೂಳು, ಹಿಟ್ಟಿನ ಗಿರಣಿಯ ಹಾಗೆ ರೆಪ್ಪೆಯ ಮೇಲೂ ಕೂರುತ್ತಿತ್ತು ಎಂದರು. ಧೂಳು ಕೂರದ ಜಾಗ ಯಾವುದು ಎಂದು ಕೇಳಿದೆ. ಅದಕ್ಕೆ ಅವರು ಎದ್ದು, ಕುರ್ಚಿಯ ಬೆನ್ನಿಗೆ ಎಡಗೈ ಒತ್ತಿ, ಕಾಲು ಎತ್ತಿ ಟ್ಯಾಂಕಿನ ಒಳಗೆ ಇಳಿಯುವಂತೆ ಮಾಡಿ ತೋರಿಸಿದರು. ಮೊಣಕಾಲು ನೋಯುತ್ತಿತ್ತು. ನಾನು ಸರಿಯಾಗಿ ನೋಡಲಿಲ್ಲವೆಂದುಕೊಂಡು ಇನ್ನೊಮ್ಮೆ ತೋರಿಸಿದರು.

ಕೆಂಪು ಮಣ್ಣನ್ನು ಬಿಸಿನೀರಿನಲ್ಲಿ ನೆನೆಸಿ ಕಿತ್ತೆ. ಬಂಟ್ವಾಳದ ಗಿರಣಿಗೆ ಅಕ್ಕಿ ಒಯ್ದು, ಹಿಟ್ಟು ಎಲ್ಲೆಲ್ಲಿ ಕೂರುತ್ತದೆ ಎಂದು ನೋಡುತ್ತಾ ನಿಂತೆ. ತೊಲೆ, ತಕ್ಕಡಿ, ಕಿಟಕಿಯ ಸರಳು ಎಲ್ಲ ಬೆಳ್ಳಗೆ. ಕೈ ಆಡುವ ಸ್ವಿಚ್ಚಿನ ಹಿಡಿ ಮಾತ್ರ ಕಪ್ಪು. ಮನೆಗೆ ಬಂದು ಚಾಕ್ ಪುಡಿಗೆ ಒಂದಿಷ್ಟು ಹಳದಿ ಬೆರೆಸಿ ಇಡೀ ಟ್ಯಾಂಕಿಗೆ ಉದುರಿಸಿದೆ. ಚಾಲಕ ಒಳಗಿಳಿಯುವ ಮುಚ್ಚಳದ ಎಡ ಅಂಚಿನಿಂದ ಮಾತ್ರ ಅದನ್ನು ಒರೆಸಿ, ಪೆನ್ಸಿಲಿನ ಸೀಸದ ಪುಡಿಯನ್ನು ಬೆರಳಲ್ಲಿ ತಿಕ್ಕಿದೆ.

ಈ ಸಲ ಭಾವನ ಅಣ್ಣ ಅದನ್ನು ಬಹಳ ಹೊತ್ತು ಹಿಡಿದುಕೊಂಡರು. ಹೆಬ್ಬೆರಳು ಆ ಅಂಚಿನಲ್ಲಿ ನಿಂತಿತು.

"ಇಲ್ಲಿ ಮಾತ್ರ ಎಂಥದು ಹೊಳೆಯುವುದು?"

"ಅದು ನನ್ನ ಕೈ, ಅಣ್ಣ," ಎಂದರು ಭಾವ. "ದಿನಾ ಇಳಿಯುವಾಗ ಅಲ್ಲಿ ಹಿಡಿಯುವುದು."

ಅಣ್ಣ ಆ ಮುಚ್ಚಳದ ಸಣ್ಣ ಬಾಯಿಯನ್ನೂ ತಮ್ಮನ ಹೊಟ್ಟೆಯನ್ನೂ ನೋಡಿದರು. ಇಷ್ಟರಲ್ಲಿ ನೀನು ಹಿಡಿಸುತ್ತಿದ್ದಿಯಾ ಎಂದು ಕೇಳಿದರು. ಆಗ ತೆಳ್ಳಗಿದ್ದೆ ಎಂದು ಉತ್ತರ ಬಂತು. ಟ್ಯಾಂಕನ್ನು ಟಿ.ವಿ. ಪಕ್ಕದಲ್ಲಿ ಮೆಲ್ಲ ಇಟ್ಟು ಅಣ್ಣ ಕೂತರು.

"ಹಾಗಾದರೆ ಅಡುಗೆ ಮಾಡುತ್ತಿದ್ದದ್ದು ಯಾರು?"

"ಬೇರೊಬ್ಬ ಇದ್ದ," ಎಂದರು ಭಾವ. "ಅವನದ್ದು ತಿನ್ನಲಿಕ್ಕೆ ಆಗದೆ ನಾನು ಕಲಿತದ್ದು."