ಎರಡು ರಿಂಗ್ ಕೊಟ್ಟು ಇಡುವುದು

ಗೋವೆಯ ವಾಸ್ಕೊದಲ್ಲಿ, ಮಂಗೋರ್ ಹಿಲ್‌ನ ನಮ್ಮ ಓಣಿಯಲ್ಲಿ, ಆಗ ಮೊಬೈಲ್ ಬಡಿದರೆ ಯಾರೂ ತಟ್ಟನೆ ಎತ್ತುತ್ತಿರಲಿಲ್ಲ. ಮೊದಲು ಎಣಿಸುತ್ತಿದ್ದರು. ಒಂದೇ ರಿಂಗ್ ಆಗಿ ನಿಂತರೆ ‘ಮುಟ್ಟಿದ್ದೇನೆ, ಆರಾಮ ಇದ್ದೇನೆ’ ಎಂದು ಅರ್ಥ. ಎರಡು ಆಗಿ ನಿಂತರೆ ‘ಇಲ್ಲಿದ್ದೇನೆ, ನೀನು ಫೋನ್ ಹಚ್ಚು’ ಎಂದು. ಅದಕ್ಕೂ ಹೆಚ್ಚು ಬಡಿದುಕೊಂಡರೆ ಪರದೆಯ ಮೇಲೆ ಹೆಸರು ಮೂಡಿದೆಯೇ ಎಂದು ನೋಡುವುದು. ಹೆಸರಿದ್ದರೆ ಎತ್ತುವುದು, ಬರೀ ನಂಬರ್ ಇದ್ದರೆ ತಾನಾಗಿ ನಿಲ್ಲುವವರೆಗೂ ಬಿಡುವುದು.

ಇದಕ್ಕೆ ಕಾರಣವಿತ್ತು. ಓಣಿಯಲ್ಲಿ ಹೆಚ್ಚಿನವರ ಸಿಮ್ ಕಾರ್ಡು ವಿಜಾಪುರ, ಬಾಗಲಕೋಟೆ ಕಡೆಯಲ್ಲಿ ಕೊಂಡದ್ದು. ಇಲ್ಲಿ ಹೊಸದು ತೆಗೆದುಕೊಳ್ಳಬೇಕೆಂದರೆ ಇಲ್ಲಿಯ ವಿಳಾಸದ ಕಾಗದ ಬೇಕು. ಬಾಡಿಗೆ ಖೋಲಿಯಲ್ಲಿ ಇರುವವರಿಗೆ ಅದನ್ನು ಯಾರು ಕೊಡುತ್ತಾರೆ? ಹಾಗಾಗಿ ವರ್ಷವಿಡೀ ರೋಮಿಂಗ್. ಬಂದ ಕರೆ ಎತ್ತಿದರೂ ಬ್ಯಾಲೆನ್ಸ್ ಕರಗುತ್ತಿತ್ತು.

ನಮ್ಮ ಮನೆಯ ಹಿಂದಿನ ಖೋಲಿಯಲ್ಲಿ ಸಿಂದಗಿ ಕಡೆಯ ಒಬ್ಬ ಹುಡುಗಿ ಇದ್ದಳು. ಹುಡುಗಿ ಎನ್ನುತ್ತೇನೆ, ಆದರೆ ಕಂಕುಳಲ್ಲಿ ವರ್ಷ ದಾಟಿದ ಮಗಳಿದ್ದಳು. ಗಂಡ ಮೊದಲು ಬಂದರಿನಲ್ಲಿ ಕೂಲಿ, ಆಮೇಲೆ ಪರದೇಶದ ಹಡಗೊಂದರ ಅಡಿಗೆಮನೆಯಲ್ಲಿ ಕೆಲಸ. ಆಕೆ ಏಳು ತಿಂಗಳ ಬಸುರಿ ಇದ್ದಾಗ ಹಡಗು ಹತ್ತಿದವನು, ಒಂದು ಕರಾರು ಮುಗಿಯುತ್ತಿದ್ದಂತೆ ಇನ್ನೊಂದಕ್ಕೆ ಸಹಿ ಹಾಕಿದ್ದ. ಮಗಳನ್ನು ಇನ್ನೂ ನೋಡಿರಲಿಲ್ಲ.

ಅವನು ಯಾವುದಾದರೂ ಬಂದರಿಗೆ ಮುಟ್ಟಿದಾಗ ನಮ್ಮ ಮನೆಯ ಲ್ಯಾಂಡ್‌ಲೈನಿಗೆ ಫೋನ್ ಮಾಡುತ್ತಿದ್ದ. ನಾನು ಹಿಂದಿನ ಕಿಟಕಿಯಿಂದ ಕೂಗಿದರೆ ಆಕೆ ಹಿಟ್ಟಿನ ಕೈಯಲ್ಲೇ ಓಡಿ ಬರುತ್ತಿದ್ದಳು. ರಿಸೀವರಿನ ಮೇಲೆ ಜೋಳದ ಹಿಟ್ಟಿನ ಬೆರಳಚ್ಚು ಉಳಿಯುತ್ತಿತ್ತು. ಆ ವರ್ಷ ದೀಪಾವಳಿ ಆದಮೇಲೆ ಓಣಿಯ ರಸ್ತೆ ಅಗೆದರು, ಕೇಬಲ್ ತುಂಡಾಯಿತು. ನಮ್ಮ ಫೋನು ತಿಂಗಳಾದರೂ ಸತ್ತೇ ಇತ್ತು.

ಅದೇ ಹೊತ್ತಿಗೆ ಅವನ ಜೊತೆಗಾರನೊಬ್ಬ ರಜೆಯ ಮೇಲೆ ಬಂದವನು ಒಂದು ಪೊಟ್ಟಣ ತಂದುಕೊಟ್ಟ. ಎರಡು ಸಾಬೂನು, ಮಗುವಿಗೆ ಒಂದು ಫ್ರಾಕು, ಮತ್ತು ಬಣ್ಣದ ಚೀಟಿಯೊಂದು. ಗಂಡ ಯಾವುದೋ ಬಂದರಿನಲ್ಲಿ ಹೊಸ ಸಿಮ್ ಕೊಂಡಿದ್ದನಂತೆ, ಚೀಟಿ ಅದರ ಜೊತೆ ಬಂದದ್ದು; ಬೇರೆ ಬೇರೆ ದೇಶಗಳಲ್ಲಿ ಒಂದೇ ಕಾರ್ಡು ನಡೆಯುತ್ತದಂತೆ. ಹಡಗು ಇನ್ನು ಕೆಲವು ದಿನಗಳಲ್ಲಿ ಅದಿರು ತುಂಬಲು ನಮ್ಮ ಬಂದರಿಗೇ ಬರುವುದಿತ್ತು. “ಲಂಗರು ಹಾಕಿದ ಕೂಡಲೇ ಫೋನ್ ಹಚ್ತಾನ. ಯಾವ ಹೊತ್ತಿಗೆ ದಂಡಿಗೆ ಲಾಂಚ್ ದೋಣಿ ಬರ್ತೈತಿ ಹೇಳ್ತಾನ. ನೀವು ಕೂಸಿನ್ನ ಕರಕೊಂಡು ಜೆಟ್ಟಿಗೆ ಬರ್ರಿ. ಹಡಗು ಎರಡ ದಿನಕ್ಕಿಂತ ಜಾಸ್ತಿ ನಿಲ್ಲೂದಿಲ್ಲ,” ಎಂದು ಜೊತೆಗಾರ ಹೇಳಿ ಹೋದ.

ಚೀಟಿ ನನ್ನ ಕೈಗೆ ಬಂತು. ಧಾರವಾಡದ ಕಾನ್ವೆಂಟಿನಲ್ಲಿ ಓದಿದವಳೆಂದು ಓಣಿಯ ಇಂಗ್ಲಿಷ್ ಕಾಗದಗಳೆಲ್ಲ ನನ್ನ ಹತ್ತಿರವೇ ಬರುತ್ತಿದ್ದವು: ಔಷಧದ ಬಾಟಲಿ, ಶಾಲೆಯ ನೋಟೀಸು, ಮಿಕ್ಸರಿನ ಗ್ಯಾರಂಟಿ ಕಾರ್ಡು. ನನಗೂ ಅದರಲ್ಲಿ ಸಣ್ಣ ಹೆಮ್ಮೆ ಇರಲಿಲ್ಲವೆಂದು ಹೇಳಲಾರೆ. ಒಲೆಯ ಮೇಲೆ ಹಾಲಿತ್ತು. ನಿಂತಲ್ಲೇ ಓದಿದೆ. ಮೇಲೆ ದಪ್ಪ ಅಕ್ಷರದಲ್ಲಿ ಪ್ಲಸ್ ಚಿಹ್ನೆಯ ಒಂದು ನಂಬರ್ ಇತ್ತು. ಅದನ್ನು ಆಕೆಯ ಮೊಬೈಲಿನಲ್ಲಿ ಗಂಡನ ಹೆಸರಿಗೆ ಹಾಕಿಕೊಟ್ಟೆ.

“ಇನ್ನ ಅವರದು ಫೋನ್ ಬಂದ್ರ ಹೆಸರು ಕಾಣಸ್ತದ. ಎತ್ತು,” ಎಂದೆ.

“ನಾ ಹಚ್ಚಿದ್ರ ಹೋಗ್ತೈತೇನ್ರಿ ಅಕ್ಕಾರ?”

“ನಿನ್ನ ಕಾರ್ಡಿನಿಂದ ಪರದೇಶದ ನಂಬರಿಗೆ ಹೋಗೂದಿಲ್ಲ. ಅವರ ಹಚ್ಚಬೇಕು.”

ಹಾಲು ಉಕ್ಕಿತು. ಚೀಟಿಯನ್ನು ಮಡಚಿ ಡಬ್ಬಿಯ ಕೆಳಗಿಟ್ಟು ಒಲೆಯತ್ತ ಹೋದೆ.

ಮಂಗಳವಾರ ಬೆಳಿಗ್ಗೆ ಆಕೆ ನೀರಿನ ಟಾಕಿಯ ಹತ್ತಿರದಿಂದ ಓಡಿ ಬಂದಳು. ಅಲ್ಲಿಂದ ಸಮುದ್ರ ಕಾಣುತ್ತದೆ. ಹೊರಗೆ ನಿಂತಿದ್ದ ನಾಲ್ಕು ಹಡಗುಗಳಲ್ಲಿ ಒಂದರ ಹೊಗೆಕೊಳವೆ ನೀಲಿ. ಜೊತೆಗಾರ ಹೇಳಿದ್ದೂ ನೀಲಿಯನ್ನೇ. ಮಗುವಿಗೆ ಹೊಸ ಫ್ರಾಕು ತೊಡಿಸಿ, ತಾನೂ ತಲೆ ಬಾಚಿ, ಟಾಕಿಯ ಕಟ್ಟೆಯ ಮೇಲೆ ಕುಳಿತಳು. ಅಲ್ಲಿ ಸಿಗ್ನಲ್ಲಿನ ಗೆರೆಗಳು ಪೂರ್ತಿ ಇರುತ್ತಿದ್ದವು.

ಇಡೀ ದಿನ ಕುಳಿತಳು. ಸಂಜೆ ಇಳಿದು ಬಂದಾಗ ಫ್ರಾಕಿಗೆ ಬಿಸ್ಕತ್ತಿನ ಕಲೆಯಾಗಿತ್ತು. ಅದನ್ನು ತೊಳೆದು, ರಾತ್ರಿ ಒಣಗಿಸಿ, ಬುಧವಾರ ಮತ್ತೆ ಅದನ್ನೇ ತೊಡಿಸಿ ಕುಳಿತಳು. ನೀರಿಗೆ ಬಂದ ಹೆಂಗಸರು ಸುಮ್ಮನಿರುತ್ತಾರೆಯೇ? “ಏನವಾ, ನಿನ್ನ ಗಂಡ ಹಡಗಾ ತೊಳಿಯಾಕತ್ತಾನೇನ?” ಎಂದಳು ಒಬ್ಬಳು. “ಪರದೇಶದಾಗ ಮತ್ತೊಬ್ಬಾಕಿನ್ನ ಹುಡುಕ್ಯಾನ ತಗಿ,” ಎಂದಳು ಇನ್ನೊಬ್ಬಳು. ಆಕೆ ನಕ್ಕಳಂತೆ. ಆದರೆ ಮಧ್ಯಾಹ್ನ ನಮ್ಮ ಅಡಿಗೆಮನೆಯ ಬಾಗಿಲಲ್ಲಿ ಬಂದು ನಿಂತಾಗ ಮುಖ ಸಣ್ಣದಾಗಿತ್ತು.

“ಅಕ್ಕಾರ, ಅವರು ನಮ್ಮನ್ನ ಖರೇನ ಮರತ್ರೇನ್ರಿ?”

“ಯಾರದೂ ಫೋನ್ ಬಂದಿಲ್ಲೇನು?”

“ಅವರದಿಲ್ರಿ. ಅದ್ಯಾವುದೋ ಕಂಪನೀದು ಬರಾಕತ್ತೈತಿ. ನಿನ್ನಿಯಿಂದ ಬಡಕೊಳ್ಳಾಕತ್ತೈತಿ. ನಾ ಎತ್ತಿಲ್ರಿ,” ಎಂದಳು, ಜಾಣತನ ಮಾಡಿದವರ ಧ್ವನಿಯಲ್ಲಿ.

ಮೊಬೈಲ್ ತೆಗೆದುಕೊಂಡು ನೋಡಿದೆ. ಒಂದರ ಕೆಳಗೊಂದು ಒಂಬತ್ತು ಮಿಸ್ಡ್ ಕಾಲ್. ಎಲ್ಲವೂ ಒಂದೇ ನಂಬರಿನಿಂದ. ಪ್ಲಸ್ ಚಿಹ್ನೆಯಿಂದಲೇ ಶುರು, ಆದರೆ ನಾನು ಹಾಕಿಕೊಟ್ಟ ನಂಬರ್ ಅಲ್ಲ.

ಡಬ್ಬಿಯ ಕೆಳಗಿನಿಂದ ಚೀಟಿ ತೆಗೆದೆ. ಮೂಲೆಗೆ ಎಣ್ಣೆ ತಾಗಿತ್ತು. ನಮ್ಮ ಯಜಮಾನರ ಕನ್ನಡಕ ಏರಿಸಿಕೊಂಡು, ಕಿಟಕಿಯ ಬೆಳಕಿಗೆ ಹಿಡಿದು, ಹಿಂಬದಿಯ ಸಾಸಿವೆಯಂಥ ಅಕ್ಷರಗಳನ್ನು ಮೊದಲ ಸಲ ಓದಿದೆ. ಈ ಕಾರ್ಡಿಗೆ ಎರಡು ನಂಬರ್. ಒಂದು, ಬೇರೆಯವರು ಇದಕ್ಕೆ ಕರೆ ಮಾಡಲು. ಇದರಿಂದ ಕರೆ ಮಾಡಿದಾಗ ಎದುರಿನವರಿಗೆ ಕಾಣುವುದು ಇನ್ನೊಂದು. ಆ ಇನ್ನೊಂದು ಅಲ್ಲೇ ಕೆಳಗೆ ಅಚ್ಚಾಗಿತ್ತು. ಒಂಬತ್ತು ಸಲ ಬಡಿದುಕೊಂಡದ್ದು ಅದೇ.

ಶಾಲೆಯಲ್ಲಿ ನಮ್ಮ ಸಿಸ್ಟರ್ ಪ್ರಶ್ನೆಪತ್ರಿಕೆ ಕೈಗಿತ್ತು, ಕೊನೆಯ ಸಾಲಿನವರೆಗೂ ಓದದೆ ಪೆನ್ನು ಎತ್ತಬಾರದು ಎನ್ನುತ್ತಿದ್ದರು. “ತಪ್ಪು ನಂದವಾ. ಅದು ಕಂಪನೀದಲ್ಲ, ನಿನ್ನ ಗಂಡಂದು,” ಎಂದೆ.

ಆಕೆ ಬೈಯಲಿಲ್ಲ, ಅಳಲಿಲ್ಲ. “ಹಡಗ ಇನ್ನೂ ಐತ್ರಿ,” ಎಂದಳು ಅಷ್ಟೇ.

ಈ ಕಡೆಯಿಂದ ಅವನನ್ನು ಹಿಡಿಯಲು ಇದ್ದದ್ದು ಇಳಿಜಾರಿನ ಐಎಸ್‌ಡಿ ಬೂತ್ ಒಂದೇ. ಮಗುವನ್ನು ನಾನು ಎತ್ತಿಕೊಂಡೆ. ಬೂತಿನ ಗೋವೆಯ ಮುದುಕ ಬಾಗಿಲು ಅರ್ಧ ಎಳೆದು ಮಧ್ಯಾಹ್ನದ ನಿದ್ದೆಗೆ ಹೊರಟಿದ್ದ. “ಕಿತೆಂ ಬಾಯ್, ಈಗ ಏನು? ನಾಲ್ಕು ಗಂಟೆಗೆ ಬಾ,” ಎಂದ ಕೊಂಕಣಿ ಬೆರೆಸಿದ ತನ್ನ ಒಡಕು ಕನ್ನಡದಲ್ಲಿ. ನಾನು ಗೊತ್ತಿದ್ದಷ್ಟು ಕೊಂಕಣಿಯಲ್ಲಿ ಹಡಗು, ಗಂಡ, ಮಗು ಎಂದು ಹೇಳಿದೆ. ಅವನು ಮಗುವಿನ ಫ್ರಾಕು ನೋಡಿ ಬಾಗಿಲು ಮೇಲೆತ್ತಿದ.

ದಪ್ಪ ಅಕ್ಷರದ ನಂಬರ್ ಒತ್ತಿದೆ. ರಿಂಗ್ ಆಯಿತು. ಆಗುತ್ತಲೇ ಇತ್ತು. ಎತ್ತಲಿಲ್ಲ. ಮತ್ತೆ ಒತ್ತಿದೆ. ಎತ್ತಲಿಲ್ಲ.

“ಕೆಲಸದಾಗ ಇರಬೇಕು,” ಎಂದೆ.

“ಅಲ್ರಿ ಅಕ್ಕಾರ. ಅವರಿಗೂ ಬರೀ ನಂಬರ್ ಕಾಣಾಕತ್ತೈತಿ. ಅವರೂ ನಮ್ಮ ಓಣ್ಯಾವರ ಅಲ್ಲೇನ್ರಿ? ಎತ್ತೂದಿಲ್ಲ,” ಎಂದಳು. ಆಮೇಲೆ ಹೇಳಿದಳು: “ಎರಡ ರಿಂಗ್ ಕೊಟ್ಟು ಇಡ್ರಿ.”

ನನಗೆ ಹೊಳೆಯದ್ದು ಆಕೆಗೆ ಹೊಳೆದಿತ್ತು. ಎರಡು ರಿಂಗ್ ಆಗುತ್ತಲೇ ಇಟ್ಟೆ. ಸ್ವಲ್ಪ ತಡೆದು ಮತ್ತೆ ಎರಡು ಕೊಟ್ಟು ಇಟ್ಟೆ. ವಾಸ್ಕೊದ ನಂಬರಿನಿಂದ ಹೀಗೆ ಎರಡೆರಡೇ ಬಡಿಯುವವರು ಅವನಿಗೆ ಇನ್ಯಾರಿದ್ದರು? ಬೂತಿನೊಳಗೆ ಸಿಗ್ನಲ್ ಇರಲಿಲ್ಲವೆಂದು ಆಕೆ ಮೊಬೈಲ್ ಹಿಡಿದು ರಸ್ತೆಯ ಅಂಚಿಗೆ ಹೋಗಿ ನಿಂತಳು.

ಐದು ನಿಮಿಷ ಆಗಿರಬಹುದು. ಮೊಬೈಲ್ ಬಡಿಯಿತು. ಆಕೆ ತುಟಿಯಲ್ಲೇ ಎಣಿಸುತ್ತಿದ್ದುದು ನನಗೆ ಕಂಡಿತು: ಒಂದು, ಎರಡು, ಮೂರು.

“ಎತ್ತು!” ಎಂದು ಕೂಗಿದೆ.

ಎತ್ತಿದಳು. ಅವನ ಧ್ವನಿ ನನಗೂ ಕೇಳುವಷ್ಟು ದೊಡ್ಡದಾಗಿತ್ತು. “ನಿನ್ನಿಯಿಂದ ಹಚ್ಚಾಕತ್ತೇನಿ! ಎಲ್ಲಿ ಸತ್ತಿದ್ದಿ?”

“ನೀವ ಎಲ್ಲಿ ಸತ್ತಿದ್ರಿ? ನಿಮ್ಮ ಹೆಸರ ಬರ್ಲಿಲ್ಲ, ಬರೀ ನಂಬರ್ ಬಂತು. ನೀವ ಹೇಳಿದ್ದಲ್ಲ ಎತ್ತಬ್ಯಾಡ ಅಂತ?”

“ಈಗ ಕೇಳು. ಹಡಗ ತಿರುಗಿತಂದ್ರ ಟವರ್ ಹೋಗ್ತೈತಿ. ಮೂರೂವರಿಗೆ ಕಡೀ ಲಾಂಚ್ ಐತಿ, ಬರ್ತೇನಿ. ಐದಕ್ಕ ಅದರಾಗ ವಾಪಸ್ ಹೋಗಬೇಕು. ಇವತ್ತ ಸಂಜಿಗೆ ಲಂಗರ ಎತ್ತತಾರ. ಕೂಸಿನ್ನ—” ಅಲ್ಲಿಗೆ ನಿಂತಿತು. ಹಡಗು ತಿರುಗಿರಬೇಕು.

ಬೂತಿನ ಮುದುಕ ತಾನೇ ರಸ್ತೆಗೆ ಬಂದು ರಿಕ್ಷಾ ನಿಲ್ಲಿಸಿದ.

ಜೆಟ್ಟಿಯ ಗೇಟಿನಿಂದಾಚೆ ನಮ್ಮನ್ನು ಬಿಡಲಿಲ್ಲ. ಅವನೇ ಹೊರಗೆ ಬಂದ. ಮೊಳಕಾಲಿನವರೆಗೆ ಪ್ಯಾಂಟು ತೊಯ್ದಿತ್ತು, ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಕೊರಳಲ್ಲಿ ಫೋಟೋ ಇದ್ದ ಗುರುತಿನ ಕಾರ್ಡು. ಚೀಲ ಕೆಳಗಿಟ್ಟು, ಅಂಗೈಯನ್ನು ಅಂಗಿಗೆ ಎರಡು ಸಲ ಒರೆಸಿಕೊಂಡು ಮಗುವಿನತ್ತ ಚಾಚಿದ. ಮಗು ಚೀರಿ ತಾಯಿಯ ಹೆಗಲಲ್ಲಿ ಮುಖ ಹುದುಗಿಸಿತು. ಅವನು ಒತ್ತಾಯ ಮಾಡಲಿಲ್ಲ. ಹಿಂದೆ ಜೋತಾಡುತ್ತಿದ್ದ ಪುಟ್ಟ ಪಾದವನ್ನು ಹಿಡಿದುಕೊಂಡು, ಹಾಗೇ ನಿಂತು ಹೆಂಡತಿಯ ಜೊತೆ ಮಾತಾಡಿದ.

ನಾನು ಕಬ್ಬಿನ ಹಾಲಿನ ಗಾಡಿಯ ಹತ್ತಿರ ಹೋಗಿ ನಿಂತೆ. ಮತ್ತೆ ನೋಡಿದಾಗ ಮೂವರೂ ಕಟ್ಟೆಯ ಮೇಲೆ ಕುಳಿತಿದ್ದರು. ಮಗು ಅವನ ತೊಡೆಗೆ ಬಂದಿರಲಿಲ್ಲ, ಆದರೆ ಕೈ ಚಾಚಿ ಕೊರಳಿನ ಕಾರ್ಡನ್ನು ಬಾಯಿಗೆ ಹಾಕಿಕೊಂಡಿತ್ತು. ಕಾರ್ಡಿನ ದಾರ ಜಗ್ಗದಂತೆ ಅವನು ಕತ್ತು ಬಗ್ಗಿಸಿಕೊಂಡೇ ಕುಳಿತಿದ್ದ.

ಐದಕ್ಕೆ ಲಾಂಚ್ ಹೋಯಿತು. ಹೊರಡುವ ಮುಂಚೆ ಅವನು ಆಕೆಯ ಮೊಬೈಲ್ ಇಸಿದುಕೊಂಡು ಎರಡನೆಯ ನಂಬರನ್ನೂ ತನ್ನ ಹೆಸರಿಗೆ ತಾನೇ ಹಾಕಿಕೊಟ್ಟ. ನನಗೆ ಕೈಮುಗಿದು, “ಅಕ್ಕಾರ, ನಿಮಗ ಭಾಳ ತ್ರಾಸ ಆತು,” ಎಂದ. ಒಂದು ದಿನ ಕಳೆದದ್ದು ನನ್ನಿಂದ ಎಂದು ಆಕೆ ಅವನಿಗೆ ಹೇಳಿರಲಿಲ್ಲ. ನಾನೇ ಹೇಳಿದೆ. “ಇರ್ಲಿ ಬಿಡ್ರಿ, ನಾನೂ ಓದಿದ್ದಿಲ್ಲ,” ಎಂದು ನಕ್ಕ.

ಮಂಗೋರ್ ಹಿಲ್‌ಗೆ ನಡೆದೇ ಬಂದೆವು. ಮಗು ಹೆಗಲ ಮೇಲೆ ನಿದ್ದೆ ಹೋಗಿತ್ತು. ಟಾಕಿಯ ಹತ್ತಿರ ಬರುವಾಗ ಮೊಬೈಲ್ ಬಡಿಯಿತು. ಈ ಸಲ ಪರದೆಯ ಮೇಲೆ ಹೆಸರು ಮೂಡಿತ್ತು. ನಾನು ಆಕೆಯ ಮುಖ ನೋಡಿದೆ. ಆಕೆ ಎತ್ತಲಿಲ್ಲ. ಒಂದೇ ರಿಂಗ್ ಆಗಿ ನಿಂತಿತು.

“ಹಡಗ ಮುಟ್ಟಿದ್ರಂತ್ರಿ,” ಎಂದಳು.