ಲಾಭ ಎಂದು ಟೈಪ್ ಮಾಡಿದ ದಿನ

ದೆವ್ವ, ಗಾಳಿ, ಮೈಮೇಲೆ ಬರುವುದು ಎಂದರೆ ಬಿದ್ದು ಬಿದ್ದು ನಗುತ್ತಿದ್ದವಳು ನಾನು. ಬೆಳೆದದ್ದು ಕಾರ್ಗಲ್ಲಿನ ಕಾಲೊನಿಯಲ್ಲಿ, ಅಪ್ಪನಿಗೆ ವಿದ್ಯುತ್ ಕೇಂದ್ರದಲ್ಲಿ ಕೆಲಸ. ಸ್ವಿಚ್ ಹಾಕಿದರೆ ದೀಪ ಹತ್ತಬೇಕು, ಹತ್ತದಿದ್ದರೆ ಎಲ್ಲೋ ತಂತಿ ಹೋಗಿದೆ, ಅಷ್ಟೇ ನಮ್ಮ ಮನೆಯ ವೇದಾಂತ. ಈಗ ಸಾಗರದಲ್ಲಿ ಕಂಪ್ಯೂಟರ್ ಕಲಿಸುತ್ತೇನೆ. ಮನುಷ್ಯ ಸುಳ್ಳು ಹೇಳಬಹುದು, ಯಂತ್ರ ಹೇಳುವುದಿಲ್ಲ ಎಂದು ತರಗತಿಯಲ್ಲಿ ದಿನಾ ಹೇಳುತ್ತಿದ್ದೆ. ಆ ಮಾತನ್ನು ಈಗ ಬಿಟ್ಟಿದ್ದೇನೆ. ಯಾಕೆಂದು ಕೇಳಿ.

ಕೆಲವು ವರ್ಷಗಳ ಹಿಂದೆ ಹೊಸನಗರದ ಕಡೆ ಹಳೇ ಭತ್ತದ ತಳಿ ಉಳಿಸಲು ಹತ್ತಾರು ಜನ ಸೇರಿ ಬೀಜದ ಗುಂಪು ಕಟ್ಟಿಕೊಂಡಿದ್ದರು. ಸುಗ್ಗಿಯಾದ ಮೇಲೆ ಎಲ್ಲರ ಬೀಜ ಇಲಿ ಕಾಟವಿಲ್ಲದ ಒಂದು ಕೋಣೆಗೆ. ಬಿತ್ತನೆಗೆ ಮುಂಚೆ ಇಟ್ಟವರು ಇಟ್ಟಷ್ಟನ್ನು ಒಯ್ಯುವುದು. ಗುಂಪಿನ ಹಿರಿಯರು ಹೈಸ್ಕೂಲಿನಲ್ಲಿ ನನಗೆ ಗಣಿತ ಕಲಿಸಿದ ಮೇಷ್ಟ್ರು. ಕೊಳಗ ಹಿಡಿದು ಅಳೆಯುವವರೂ ಅವರೇ, ಫೋನಿನಲ್ಲಿ ಪಟ್ಟಿ ಮಾಡುವವರೂ ಅವರೇ. "ಪಟ್ಟಿ ನೋಡಿ ಯಾರಿಗೆಷ್ಟು ಅಂತ ತೋರ್ಸೋ ಒಂದು ಪ್ರೋಗ್ರಾಂ ಮಾಡ್ಕೊಡೇ" ಎಂದರು. ಅವರಿಗೆ ಇಲ್ಲ ಎನ್ನುವುದುಂಟೇ?

ಹತ್ತಿಪ್ಪತ್ತು ಸಾಲಿನ ಕೆಲಸ. ನಾವು ಟೈಪ್ ಮಾಡಿದ್ದೆಲ್ಲ ಕಂಪ್ಯೂಟರಿಗೆ ಬರೀ ಅಕ್ಷರಗಳ ಸಾಲು. ಅದು ಸಂಖ್ಯೆಯೋ ಅಲ್ಲವೋ ಎಂದು ನಾವೇ ಪರೀಕ್ಷೆ ಮಾಡಿಸಬೇಕು. ಹೆಸರಿನ ಮುಂದೆ ಬರೆದದ್ದನ್ನು ಒಂದೊಂದೇ ಅಕ್ಷರವಾಗಿ ನೋಡು, ಎಲ್ಲವೂ ಅಂಕಿಯಾಗಿದ್ದರೆ ಸಂಖ್ಯೆ. ಬೇರೇನಾದರೂ ಇದ್ದರೆ, ಅಥವಾ ಖಾಲಿ ಇದ್ದರೆ, ಸಂಖ್ಯೆಯಲ್ಲ, ಆ ಹೆಸರು ಪಟ್ಟಿಯಿಂದ ಹೊರಗೆ. ಏನು ಬೇಕಾದರೂ ಟೈಪ್ ಮಾಡಿ ಪರೀಕ್ಷಿಸಲು ಒಂದು ಸಣ್ಣ ಚೌಕವನ್ನೂ ಇಟ್ಟಿದ್ದೆ.

ಬೀಜ ಹಂಚುವ ಮಧ್ಯಾಹ್ನ ಲ್ಯಾಪ್‌ಟಾಪ್ ಹಿಡಿದು ನಾನೂ ಮೇಷ್ಟ್ರ ಮನೆಗೆ ಹೋಗಿದ್ದೆ. ಎಲ್ಲರ ಹೆಸರೂ ಬಂತು, ಗೌರಕ್ಕನದು ಬರಲಿಲ್ಲ. ಗೌರಕ್ಕ ಅರವತ್ತು ದಾಟಿದವರು. ಅವರ ಅವ್ವ ಕೊಟ್ಟಿದ್ದ ಜೀರಿಗೆ ಸಣ್ಣ ಎಂಬ ತಳಿಯ ಬೀಜ ಆ ಸುತ್ತಮುತ್ತ ಅವರೊಬ್ಬರ ಹತ್ತಿರ ಉಳಿದಿತ್ತು. ಆ ವರ್ಷ ಗದ್ದೆಗೆ ಹಂದಿ ನುಗ್ಗಿ, ಕೈಗೆ ಹತ್ತಿದ್ದು ಒಂದೇ ಒಂದು ಕೊಳಗ.

"ಹೆಸರು ಬರೆಸಿ ಹೋದ್ರು, ಬೀಜ ತರ್ಲೇ ಇಲ್ಲ" ಎಂದರು ಮೇಷ್ಟ್ರು.

"ಎಂತ ಮೇಷ್ಟ್ರೇ ಹಿಂಗಂತೀರಿ? ನೀವೇ ಅಳದ್ರಿ. ನಿಮ್ಮ ಬಾಯಲ್ಲೇ ಲಾಭ ಅಂದ್ರಿ" ಎಂದರು ಗೌರಕ್ಕ.

ನಮ್ಮ ಕಡೆ ಭತ್ತ ಅಳೆಯುವಾಗ ಮೊದಲ ಕೊಳಗಕ್ಕೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ಆಮೇಲೆ ಎರಡು, ಮೂರು.

ನಾನು ಯಾರ ಕಡೆ ನಿಂತೆ? ಹೇಳಲು ನಾಚಿಕೆಯಾಗುತ್ತದೆ. ಮೇಷ್ಟ್ರ ಕಡೆ. "ನೋಡಿ ಗೌರಕ್ಕ, ಮೇಷ್ಟ್ರ ಪಟ್ಟಿಯಲ್ಲಿ ನಿಮ್ಮ ಹೆಸರಿನ ಮುಂದೆ ಖಾಲಿ ಇದೆ. ಇದು ಸುಳ್ಳು ಹೇಳಲ್ಲ" ಎಂದು ಪರದೆ ತಿರುಗಿಸಿ ತೋರಿಸಿದೆ.

"ಹಂಗಾರೆ ಅದ್ರಲ್ಲಿ ಲಾಭ ಅಂತ ಹೊಡಿ ತಂಗಿ, ಎಂತ ಹೇಳ್ತದೆ ನೋಡಾನ."

ಸಂಖ್ಯೆಯಲ್ಲ ಎಂದು ಬಂದರೆ ಅವರ ಬಾಯಿ ಮುಚ್ಚುತ್ತದಲ್ಲ ಎಂದೇ ಆ ಚೌಕದಲ್ಲಿ ಹೊಡೆದೆ.

ಸಂಖ್ಯೆ ಎಂದು ಬಂತು.

ಅಳಿಸಿ ಮತ್ತೆ ಹೊಡೆದೆ. ಸಂಖ್ಯೆ. ಎರಡು ಎಂದು ಅಕ್ಷರದಲ್ಲಿ ಹೊಡೆದೆ, ಸಂಖ್ಯೆಯಲ್ಲ. ನನ್ನ ಹೆಸರು ಹೊಡೆದೆ, ಸಂಖ್ಯೆಯಲ್ಲ. ಪುನಃ ಲಾಭ. ಸಂಖ್ಯೆ! ಹಿಂದೆ ನಿಂತವರೆಲ್ಲ ಬಗ್ಗಿ ನೋಡಿದರು. ಮೇಷ್ಟ್ರೂ ನೋಡಿದರು. ಯಾರೂ ಅವರನ್ನು ಏನೂ ಕೇಳಿರಲಿಲ್ಲ.

"ಒಂದೇ ಕೊಳಗ ಅಲ್ವೇನ್ರೋ, ಬಿತ್ತಕ್ಕೆ ಎಲ್ಲಿ ಸಾಲ್ತದೆ ಅಂತ ತೀರ್ಥಹಳ್ಳಿ ಮಗಳ ಮನೆಗೆ ಕೊಟ್ಟೆ" ಎಂದರು ಮೇಷ್ಟ್ರು. "ಪರಿಮಳದ ಅಕ್ಕಿ ಅಂತ ಆಸೆಪಟ್ಟಿದ್ಲು. ಪಟ್ಟಿಯಲ್ಲಿ ಅಳಿಸಿದ್ದು ನಾನೇ."

ಗೌರಕ್ಕ ಕೇಳಿದ್ದು ಒಂದೇ ಮಾತು. "ಅವ್ರಾದ್ರೂ ಬಿತ್ತಿದ್ರಾ?"

"ಇಲ್ಲ. ಪಾಯಸ ಮಾಡಿದ್ರು."

ಒಂದು ಸೊನ್ನೆ ಹೆಚ್ಚಾದರೆ ಬೆತ್ತ ಎತ್ತುತ್ತಿದ್ದ ಮೇಷ್ಟ್ರು! ನಂಬಿಸಿ ಕುತ್ತಿಗೆ ಕೊಯ್ಯುವುದು ಎಂದು ಕೇಳಿದ್ದೆ, ಅಂದು ಕಂಡೆ. ಗೌರಕ್ಕನ ಕುತ್ತಿಗೆ ಕೊಯ್ದರು, ಕತ್ತಿಯಾಗಿ ನನ್ನ ಪ್ರೋಗ್ರಾಮನ್ನು ಬಳಸಿದರು. ಅವರು ಕಾಫಿಗೆ ಕರೆದರು, ನಾನು ಲ್ಯಾಪ್‌ಟಾಪ್ ಚೀಲಕ್ಕೆ ತುರುಕಿ ಎದ್ದೆ. ಅವರ ಮನೆ ಮೆಟ್ಟಿಲನ್ನು ಮತ್ತೆ ಹತ್ತಿಲ್ಲ.

ಸಾಗರಕ್ಕೆ ಬಂದವಳೇ ಚೌಕದಲ್ಲಿ ಲಾಭ ಎಂದು ಹೊಡೆದೆ. ಸಂಖ್ಯೆಯಲ್ಲ. ಅದೇ ಲ್ಯಾಪ್‌ಟಾಪ್, ಅದೇ ಪ್ರೋಗ್ರಾಂ. ಎಷ್ಟು ಸಲ ಹೊಡೆದರೂ ಸಂಖ್ಯೆಯಲ್ಲ. ಒಂದೊಂದು ಸಾಲನ್ನೂ ಜಾಲಾಡಿದೆ, ಆ ಪದ ಅದರೊಳಗೆ ಎಲ್ಲೂ ಇಲ್ಲ. ತಿಳಿದವರು ಫಾಂಟಿನ ತೊಂದರೆ ಎಂದರು, ಹಳೇ ಉತ್ತರ ಪರದೆಯಲ್ಲಿ ಉಳಿದಿರಬೇಕು ಎಂದರು. ಹಾಗಾದರೆ ನಡುವೆ ಹೊಡೆದ ಬೇರೆ ಪದಗಳಿಗೆ ಸರಿಯಾದ ಉತ್ತರ ಬಂದದ್ದು ಹೇಗೆ? ಈಗಲೂ ವರ್ಷಕ್ಕೊಮ್ಮೆ ಬಿತ್ತನೆ ಹೊತ್ತಿಗೆ ಹೊಡೆದು ನೋಡುತ್ತೇನೆ. ನಾನೊಬ್ಬಳೇ ಇದ್ದಾಗ ಅದು ಆ ಉತ್ತರ ಕೊಡುವುದಿಲ್ಲ.

ಅದನ್ನು ಯಾರಾದರೂ ಒಂದು ದಿನ ಬಿಡಿಸಿ ಹೇಳಬಹುದು. ಆದರೆ ಅಂದು ಬಸ್‌ಸ್ಟ್ಯಾಂಡಿನಲ್ಲಿ ಗೌರಕ್ಕ ಬೀಜಕ್ಕೆಂದು ತಂದಿದ್ದ ಚೀಲವನ್ನು ನೀಟಾಗಿ ಮಡಚುತ್ತ ನನ್ನನ್ನೊಂದು ಮಾತು ಕೇಳಿದರು. ಅದಕ್ಕೆ ಉತ್ತರ ನಾನೇ ಕೊಡಬೇಕಿತ್ತು.

"ನಿನ್ನ ಮಿಷನ್ನೇ ನನ್ನ ನಂಬ್ತಲ್ಲೇ ತಂಗಿ. ನೀನ್ಯಾಕೆ ನಂಬ್ಲಿಲ್ಲ?"