ಹಲ್ಲು ಕಳಚಿದ ಕಾರು

ಮೂವತ್ತು ವರ್ಷ ಊರವರ ಗೋಡೆಗಳಿಗೆ ಬಣ್ಣ ಬಳಿದ ಅವನನ್ನು ಬೀದಿಯವರೆಲ್ಲ ಸುಣ್ಣದಣ್ಣ ಎಂದೇ ಕರೆಯುತ್ತಿದ್ದರು. ಸುಣ್ಣದ ಕಾಲ ಹೋಗಿ ಡಬ್ಬಿ ಬಣ್ಣದ ಕಾಲ ಬಂದರೂ ಹೆಸರು ಮಾತ್ರ ಅಂಟಿಕೊಂಡೇ ಇತ್ತು. ಮಾತು ಬಲು ಕಡಿಮೆ. ಮನೆಯೊಡತಿ ಹತ್ತು ಬಣ್ಣ ಹೇಳಿದರೆ ಅವನು ಗೋಡೆಯನ್ನೊಮ್ಮೆ ನೋಡಿ "ತಿಳಿ ಹಳದಿ" ಅನ್ನುತ್ತಿದ್ದ. ಅಲ್ಲಿಗೆ ಮುಗಿಯಿತು. ಅವನು ನಂಬಿದ್ದು ಒಂದೇ: ಬಣ್ಣ ಎಲ್ಲವನ್ನೂ ಮುಚ್ಚುತ್ತದೆ. ಬಿರುಕಿರಲಿ, ಕಲೆಯಿರಲಿ, ಮಕ್ಕಳು ಗೀಚಿದ್ದಿರಲಿ, ಎರಡು ಕೋಟು ಬಿದ್ದರೆ ಮಾಯ.

ಅವನ ವಾಸ ಅಕ್ಕನ ಮನೆಯ ಹಿಂದಿನ ಕೋಣೆಯಲ್ಲಿ. ಒಂದು ಶುಕ್ರವಾರ ಬೆಳಿಗ್ಗೆ ಅಕ್ಕ ಕಾರಿನ ಕೀಲಿಯನ್ನು ಸುಡುವ ಕೆಂಡದಂತೆ ಎರಡೇ ಬೆರಳಲ್ಲಿ ಹಿಡಿದು ಬಾಗಿಲಿಗೆ ಬಂದಳು.

"ಗುದ್ದಿಬಿಟ್ಟೆ ಕಣೋ."

"ಯಾರಿಗೆ?"

"ಗೇಟಿಗೆ. ಗೇಟಿಗೇನೂ ಆಗಿಲ್ಲ, ಕಾರಿನ ಮೂತಿಗೇ ಆಗಿರೋದು."

ಅಕ್ಕನಿಗೆ ಐವತ್ತೆರಡು. ದಿನವಿಡೀ ಬಟ್ಟೆ ಹೊಲಿಯುತ್ತಲೇ ಬಿಡುವು ಮಾಡಿಕೊಂಡು ಕಾರು ಕಲಿತು, ಹೋದ ತಿಂಗಳಷ್ಟೇ ಲೈಸೆನ್ಸ್ ತಂದಿದ್ದಳು. ಭಾವ ಮಾತ್ರ ಕೀಲಿ ಕೊಡುತ್ತಿರಲಿಲ್ಲ. "ನೀನು ಮೊದಲ ದಿನವೇ ಗೇಟಿಗೆ ಗುದ್ದುತ್ತೀಯ" ಎನ್ನುತ್ತಿದ್ದ. ಅವನು ತನ್ನ ಅಣ್ಣನ ಮನೆಗೆಂದು ಪರವೂರಿಗೆ ಹೋದಾಗ ಇವಳು ಕಾರು ತೆಗೆದಿದ್ದಳು. ಬೀದಿಯ ಮೂಲೆಯವರೆಗೂ ಚೆನ್ನಾಗಿಯೇ ಹೋಗಿ, ಬರುವಾಗ ಅವನ ಮಾತು ನಿಜಮಾಡಿದ್ದಳು.

"ಭಾನುವಾರ ಬರ್ತಾರೆ. ಇದನ್ನ ನೋಡಿದ್ರೆ ಈ ಜನ್ಮದಲ್ಲಿ ನನಗಿನ್ನು ಕೀಲಿ ಸಿಗಲ್ಲ."

ಸುಣ್ಣದಣ್ಣ ಹೋಗಿ ನೋಡಿದ. ಕಾರಿನ ಮೂತಿಯಲ್ಲಿ ಹಲ್ಲುಸಾಲಿನಂತಿದ್ದ ಗ್ರಿಲ್ ಮುರಿದಿರಲಿಲ್ಲ. ಅದರ ಕರಿಯ ಪಟ್ಟಿಗಳ ಮೇಲೆ ಮೂರು ಉದ್ದನೆಯ ಗೀರು, ಅಷ್ಟೇ.

"ಎರಡು ಕೋಟು" ಎಂದ.

ಸ್ಕ್ರೂ ಬಿಚ್ಚಿ ಗ್ರಿಲ್ ಕಳಚಿದ. ಸೋಪು ನೀರಲ್ಲಿ ಜಿಡ್ಡು ತೊಳೆದ. ವಾಟರ್ ಪೇಪರ್ ಎಂಬ ಉಜ್ಜುವ ಕಾಗದವನ್ನು ಬಕೆಟಿನಲ್ಲಿ ನೆನೆಸಿ ಪಟ್ಟಿ ಪಟ್ಟಿಯನ್ನೂ ಉಜ್ಜಿದ. ನೀರು ಇದ್ದಿಲು ಕಲಸಿದ ಹಾಗಾಯಿತು. ಒದ್ದೆಯಲ್ಲಿ ಪಟ್ಟಿಗಳು ಫಳಫಳ ಹೊಳೆದವು, ಗೀರಿನ ಸುಳಿವೇ ಇಲ್ಲ. ಸಾಕೆಂದು ಒಣಗಿಸಿ, ತಳಬಣ್ಣದ ಪ್ರೈಮರ್ ಹೊಡೆದು, ಅದು ಒಣಗಿದ ಮೇಲೆ ಸ್ಪ್ರೇ ಡಬ್ಬಿಯಿಂದ ಕಪ್ಪು ಬಣ್ಣವನ್ನು ಗೋಡೆಗೆ ಬಳಿದಷ್ಟೇ ಧಾರಾಳವಾಗಿ ಹೊಡೆದ.

ಶನಿವಾರ ಬೆಳಿಗ್ಗೆ ನೋಡಿದರೆ ಒಂದು ಕಡೆ ಬಣ್ಣ ಕಣ್ಣೀರಿನ ಹಾಗೆ ಇಳಿದು ನಿಂತಿತ್ತು. ಮೂರೂ ಗೀರು ಮೊದಲಿಗಿಂತ ಎದ್ದು ಕಾಣುತ್ತಿದ್ದವು. ಹೊಳೆಯುವ ಬಣ್ಣ ಯಾವುದನ್ನೂ ಮುಚ್ಚಿರಲಿಲ್ಲ, ಎತ್ತಿ ತೋರಿಸಿತ್ತು. ಅವನು ಬಕೆಟಿನ ಪಕ್ಕ ಕುಸಿದು ಕೂತ. ಮೂವತ್ತು ವರ್ಷದ ನಂಬಿಕೆ ಅದು.

ಅಕ್ಕ ಬಂದು ಪಟ್ಟಿಯ ಮೇಲೆ ಬೆರಳಾಡಿಸಿದಳು. "ಇಲ್ಲಿ ತಾಗುತ್ತೆ. ಇಲ್ಲೂ. ಒದ್ದೆಯಲ್ಲಿ ನೋಡಿ ಮೋಸಹೋಗಿದ್ದೀಯ ಕಣೋ. ಒರೆಸಿ ಮುಟ್ಟಿ ನೋಡಬೇಕಿತ್ತು."

ಸುಣ್ಣ, ಸಿಮೆಂಟು ತಾಗಿ ತಾಗಿ ಅವನ ಬೆರಳು ದಡ್ಡುಗಟ್ಟಿದ್ದವು. ಸೂಜಿ ಹಿಡಿದ ಅಕ್ಕನ ಬೆರಳಿಗೆ ಕೂದಲೆಳೆಯೂ ತಿಳಿಯುತ್ತಿತ್ತು. ಅವನು ಉಜ್ಜಿದ, ಅವಳು ಒರೆಸಿ ಮುಟ್ಟಿದಳು. "ಇನ್ನೂ ಇದೆ" ಅಂದರೆ ಮತ್ತೆ ಉಜ್ಜಿದ. ಮೊದಲು ಒರಟು ಕಾಗದ, ಆಮೇಲೆ ನಯದ್ದು. ಮಧ್ಯಾಹ್ನದ ಹೊತ್ತಿಗೆ ಅವಳ ಬೆರಳು ಎಲ್ಲೂ ತಡೆಯದೆ ಜಾರಿತು. ಈ ಸಲ ಬಣ್ಣ ತೆಳ್ಳಗೆ, ಉಸಿರು ಬಿಟ್ಟ ಹಾಗೆ ಬಿತ್ತು. ಗ್ರಿಲ್ ಬಟ್ಟೆ ಒಣಹಾಕುವ ತಂತಿಯ ಮೇಲೆ ತೂಗಿತು.

ಆಗಲೇ ಗೇಟು ಕಿರ್ರೆಂದಿತು. ಭಾವ. ಒಂದು ದಿನ ಮೊದಲೇ ಬಂದಿದ್ದ.

ಕಾರಿನ ಮುಂದೆ ನಿಂತವನೇ, "ಇದರ ಹಲ್ಲೆಲ್ಲಿ?" ಎಂದ.

ಭಾವನಿಗೇ ಮೇಲಿನ ಸಾಲು ಕಟ್ಟಿಸಿದ ಹಲ್ಲು. ಬೇರೆ ಹೊತ್ತಾಗಿದ್ದರೆ ಅಕ್ಕ ನಕ್ಕಿರುತ್ತಿದ್ದಳು.

ಸುಣ್ಣದಣ್ಣ ಮುಂದೆ ಬಂದ. "ಭಾವ, ನಾನೇ..."

"ಅವನಲ್ಲ ರೀ, ನಾನು" ಎಂದಳು ಅಕ್ಕ. "ಗೇಟಿಗೆ ಗುದ್ದಿದೆ. ನೀವು ಹೇಳಿದ ಹಾಗೇ. ಇವನ ಕೈಲಿ ಮುಚ್ಚಿಸೋಣ ಅಂತಿದ್ದೆ. ಮುಚ್ಚೋದು ಬೇಡ ಬಿಡಿ."

ಭಾವ ತಂತಿಯ ಹತ್ತಿರ ಹೋಗಿ, ಕನ್ನಡಕ ಮೇಲೇರಿಸಿ ಗ್ರಿಲ್ ನೋಡಿದ.

"ಎಲ್ಲಿ ಗುದ್ದಿದ್ದು? ಏನೂ ಕಾಣಲ್ವಲ್ಲ" ಎನ್ನುತ್ತ ಹೆಬ್ಬೆರಳಿಟ್ಟು ಒತ್ತಿದ.

"ಮುಟ್ಟಬೇಡಿ!" ಇಬ್ಬರೂ ಒಟ್ಟಿಗೇ ಕೂಗಿದರು. ಅಷ್ಟರಲ್ಲಿ ಸರಿಯಾಗಿ ನಡುಪಟ್ಟಿಯ ಮೇಲೆ ಅಚ್ಚು ಬಿದ್ದಿತ್ತು, ಗೆರೆ ಗೆರೆಯಾಗಿ.

ಭಾವ ಕರಿಯಾದ ಬೆರಳು ನೋಡಿಕೊಂಡ. "ಈಗ?"

"ಒಣಗಲಿ. ನಾಳೆ ಉಜ್ಜಬೇಕು" ಎಂದ ಸುಣ್ಣದಣ್ಣ.

"ನಾನು ಗುದ್ದಿದ್ದನ್ನ ನೀವು ಯಾರಿಗೂ ಹೇಳಬೇಡಿ. ನೀವು ಒತ್ತಿದ್ದನ್ನ ನಾನೂ ಹೇಳಲ್ಲ" ಎಂದಳು ಅಕ್ಕ. ಭಾವ ನಗು ತಡೆಯಲು ನೋಡಿದ. ಕಟ್ಟಿಸಿದ ಹಲ್ಲು ಹೊರಗೆ ಇಣುಕಿ ಅವನ ಗುಟ್ಟು ಬಿಟ್ಟುಕೊಟ್ಟಿತು.

ಭಾನುವಾರ ಭಾವನೇ ಪಂಚೆ ಎತ್ತಿಕಟ್ಟಿ ಬಕೆಟಿನ ಮುಂದೆ ಕೂತ. ತನ್ನ ಅಚ್ಚನ್ನು ತಾನೇ ಉಜ್ಜಿದ. "ಇನ್ನೂ ಇದೆ, ಇನ್ನೂ ಇದೆ" ಎಂದು ಅಕ್ಕ ಬೇಕೆಂದೇ ನಾಲ್ಕು ಸಲ ಹೆಚ್ಚು ಉಜ್ಜಿಸಿದಳು.

ಮತ್ತೆ ಬಣ್ಣ ಬಿದ್ದು ಒಣಗಿ, ಮಂಗಳವಾರ ಗ್ರಿಲ್ ತನ್ನ ಜಾಗಕ್ಕೆ ಬಂತು. ಭಾವ ಕೀಲಿಯನ್ನು ಅಕ್ಕನ ಹೊಲಿಗೆ ಮಿಷನ್ನಿನ ಮೇಲಿಟ್ಟು, ಹೋಗಿ ಗೇಟಿನ ಎರಡು ಬಾಗಿಲನ್ನೂ ಪೂರ್ತಿ ತೆರೆದ. ಬೀದಿಯಲ್ಲಿ ನಿಂತು, ಇನ್ನೂ ಕಪ್ಪು ಹೋಗದ ಹೆಬ್ಬೆರಳೆತ್ತಿ, "ಬಾ, ಬಾ, ಇನ್ನೂ ಬಾ" ಎಂದು ಕೈಯಾಡಿಸಿದ.

ಕಾರು ಎರಡೂ ಕಡೆ ಒಂದೊಂದು ಗೇಣು ಬಿಟ್ಟು ಹೊರಬಂದು, ಅವನ ಮೊಣಕಾಲಿನ ಮುಂದೆ ನಿಂತಿತು. ಭಾವ ಬಗ್ಗಿ ಗ್ರಿಲ್ಲಿನ ಕಡೆ ಕೈ ಚಾಚಿದವನು ತಡೆದು, ಸುಣ್ಣದಣ್ಣನ ಮುಖ ನೋಡಿದ.

"ಒಣಗಿದೆ ಭಾವ" ಎಂದ ಸುಣ್ಣದಣ್ಣ. "ಮುಟ್ಟಬಹುದು."